ಆಂಟಿವೈರಸ್ ಇದೆ, ರೂಟರ್ ಇದೆ, ಫೈರ್‌ವಾಲ್ ಯಾಕೆ?

ಪ್ರಶ್ನೆ: ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಆಂಟಿವೈರಸ್ ಹಾಕಿದ್ದೇನೆ, ಗುರುತಿಲ್ಲದ ಮೇಲ್ ತೆರೆಯುವುದಿಲ್ಲ. ಒಂದು ಗೇಮ್ ಕನೆಕ್ಟ್ ಆಗಲಿಲ್ಲವೆಂದು ಫೈರ್‌ವಾಲ್ ಆಫ್ ಮಾಡಿದ್ದು ಹಾಗೇ ಉಳಿದಿದೆ. ಇಂಟರ್‌ನೆಟ್ ಬರುವುದು ರೂಟರ್ ಮೂಲಕ. ತೊಂದರೆ ಇದೆಯೇ?

ಉತ್ತರ: ಇದೆ, ಇವತ್ತೇ ಆನ್ ಮಾಡಿ. ನೆಟ್‌ವರ್ಕ್ ಮೂಲಕ ತಾನಾಗಿಯೇ ಹರಡುವ ದುಷ್ಟ ಪ್ರೋಗ್ರಾಮ್, ಅಂದರೆ ವರ್ಮ್, ನಿಮ್ಮ ಕ್ಲಿಕ್ಕಿಗಾಗಿ ಕಾಯುವುದಿಲ್ಲ. ಸೋಂಕು ತಗುಲಿದ ಕಂಪ್ಯೂಟರ್ ಸಿಕ್ಕಸಿಕ್ಕ ಐಪಿ ವಿಳಾಸಗಳ ಪೋರ್ಟುಗಳನ್ನು (ಸೇವೆಗಳಿಗೆ ಸಂಖ್ಯೆ ಕೊಟ್ಟ ಬಾಗಿಲುಗಳು) ತಟ್ಟುತ್ತಾ ಹೋಗುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೆಯ ಸೇವೆ ಟಿಸಿಪಿ ಪೋರ್ಟ್ 445ರಲ್ಲಿ, ಬೇರೆ ಕಂಪ್ಯೂಟರಿನ ಪ್ರೋಗ್ರಾಮುಗಳ ಕರೆ ಕೇಳುವ ಆರ್‌ಪಿಸಿ ಸೇವೆ 135ರಲ್ಲಿ ಕಿವಿಗೊಟ್ಟು ಕೂತಿರುತ್ತವೆ, ನೀವು ಬಳಸಲಿ ಬಿಡಲಿ. ಆ ಸೇವೆಯ ಕೋಡ್‌ನಲ್ಲೇ ದೋಷವಿದ್ದರೆ, ಅದಕ್ಕೆಂದೇ ಹೆಣೆದ ಒಂದು ಸಂದೇಶ ತಲುಪಿದರೆ ಸಾಕು, ವರ್ಮ್ ಒಳಗೆ ಓಡತೊಡಗುತ್ತದೆ. ಫೈರ್‌ವಾಲ್ ಆ ಸಂದೇಶವನ್ನು ಸೇವೆಗೆ ಮುಟ್ಟುವ ಮೊದಲೇ ಬಿಸಾಡುತ್ತದೆ. ಆಂಟಿವೈರಸ್‌ನ ಕಣ್ಣು ಹೆಚ್ಚಾಗಿ ಫೈಲ್‌ಗಳ ಮೇಲೆ. 2003ರ ಜನವರಿಯಲ್ಲಿ ಹರಡಿದ ಸ್ಲ್ಯಾಮರ್ ವರ್ಮ್ ಫೈಲನ್ನೇ ಬರೆಯಲಿಲ್ಲ. 376 ಬೈಟ್‌ಗಳ ಅದು ಒಂದೇ ಯುಡಿಪಿ ಪ್ಯಾಕೆಟ್‌ನಲ್ಲಿ (ನೆಟ್‌ವರ್ಕಿನ ಒಂದು ಪುಟ್ಟ ಸಂದೇಶ) ಬಂದು ಮೆಮೊರಿಯಲ್ಲೇ ಉಳಿಯುತ್ತಿತ್ತು.

ಅಪ್‌ಡೇಟ್ ಹಾಕಿಕೊಂಡರೆ ಸಾಲದೇ ಎಂದು ಕೇಳಬಹುದು. ಬ್ಲಾಸ್ಟರ್ ಎಂಬ ವರ್ಮ್ ಬಳಸಿದ ದೋಷಕ್ಕೆ 2003ರ ಜುಲೈನಲ್ಲೇ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಬಂದಿತ್ತು, ವರ್ಮ್ ಬಂದದ್ದು ಆಗಸ್ಟ್‌ನಲ್ಲಿ. ವನ್ನಾಕ್ರೈ ವರ್ಮ್‌ನ ಕಥೆಯೂ ಅದೇ: ಪ್ಯಾಚ್ 2017ರ ಮಾರ್ಚ್, ದಾಳಿ ಮೇ 12. ಪ್ಯಾಚ್ ಹಾಕದ ಆ ವಾರಗಳಲ್ಲಿ ಅಡ್ಡ ನಿಲ್ಲುವುದು ಫೈರ್‌ವಾಲ್. ಬ್ಲಾಸ್ಟರ್ ಕಾಲದಲ್ಲಿ ಹೊಸದಾಗಿ ವಿಂಡೋಸ್ ಹಾಕಿ ಪ್ಯಾಚ್ ಇಳಿಸಲು ನೆಟ್‌ಗೆ ಹೋದವರಿಗೆ, ಅದು ಇಳಿದು ಮುಗಿಯುವಷ್ಟರಲ್ಲೇ ಸೋಂಕು ತಗುಲುತ್ತಿತ್ತು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಫೈರ್‌ವಾಲನ್ನು ತಾನಾಗಿಯೇ ಆನ್ ಆಗಿರುವಂತೆ ಮಾಡಿದ್ದು ಸುಮ್ಮನೆ ಅಲ್ಲ.

ರೂಟರ್ ಹೊರಗಿನಿಂದ ಕೇಳದೆ ಬರುವುದನ್ನು ತಡೆಯುತ್ತದೆ, ನಿಜ. ಆದರೆ ಅದೇ ವೈಫೈಗೆ ಯಾರೋ ಸೋಂಕಿತ ಲ್ಯಾಪ್‌ಟಾಪ್ ಸೇರಿಸಿದರೆ ಆ ದಾಳಿ ಒಳಗಿನಿಂದಲೇ ಬರುತ್ತದೆ. ಐಪಿ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6ನಲ್ಲಿ, ರೂಟರ್ ಒಳಗಿನ ವಿಳಾಸವನ್ನು ತನ್ನದಕ್ಕೆ ಬದಲಿಸುವ ನ್ಯಾಟ್‌ನ ಮರೆಯೂ ಸಾಮಾನ್ಯವಾಗಿ ಇಲ್ಲ. ರೂಟರಿನ ಐಪಿವಿ6 ಫೈರ್‌ವಾಲ್ ಆಫ್ ಇದ್ದರೆ ಕಂಪ್ಯೂಟರ್ ನೇರವಾಗಿ ಬಯಲಿನಲ್ಲಿರುತ್ತದೆ.

ವಿಂಡೋಸ್ ಸೆಕ್ಯುರಿಟಿಯಲ್ಲಿ 'ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್' ತೆರೆದು ಡೊಮೈನ್, ಪ್ರೈವೇಟ್, ಪಬ್ಲಿಕ್ ಮೂರನ್ನೂ ಆನ್ ಮಾಡಿ. ಇಷ್ಟು ದಿನ ತೆರೆದಿದ್ದರಿಂದ ಅಪ್‌ಡೇಟ್ ಹಾಕಿ ಪೂರ್ತಿ ಸ್ಕ್ಯಾನ್ ಕೂಡ ಮಾಡಿ. ಒಳಗೆ ಕೂತದ್ದನ್ನು ಫೈರ್‌ವಾಲ್ ಹೊರಹಾಕುವುದಿಲ್ಲ. ಗೇಮ್‌ಗೆ 'ಅಲೋ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್' ಪಟ್ಟಿಯಲ್ಲಿ ಪ್ರೈವೇಟ್‌ಗೆ ಮಾತ್ರ ಟಿಕ್ ಕೊಡಿ. ಪೋರ್ಟ್ ಸಂಖ್ಯೆ ಕೊಟ್ಟು ತೆರೆಯಬೇಡಿ: ಪೋರ್ಟ್ ನಿಯಮ ಅಲ್ಲಿ ಕೂತ ಯಾವ ಪ್ರೋಗ್ರಾಮಿಗಾದರೂ ದಾರಿ ಬಿಡುತ್ತದೆ. ಅದೇ ಪಟ್ಟಿಯಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎದುರಿನ ಪಬ್ಲಿಕ್ ಟಿಕ್ ತೆಗೆಯಿರಿ.

ಆಮೇಲೆ ಕಂಪ್ಯೂಟರಿನ ನೆಟ್‌ವರ್ಕ್ ಸಂಪರ್ಕ, ಪೋರ್ಟುಗಳನ್ನು ಪಟ್ಟಿಮಾಡುವ ನೆಟ್‌ಸ್ಟಾಟ್ ಆದೇಶ ಕೊಟ್ಟು ನೋಡಿ ಗಾಬರಿಯಾಗುವವರು ಬಹಳ. 445 ಅಲ್ಲಿ 'ಲಿಸನಿಂಗ್' ಎಂದೇ ತೋರಿಸುತ್ತದೆ. ಸೇವೆ ಇನ್ನೂ ಓಡುತ್ತಿದೆ ಎಂದಷ್ಟೇ ಅದರ ಅರ್ಥ. ಪೋರ್ಟ್ ಮುಚ್ಚಿದೆಯೇ ಎಂಬುದನ್ನು ಅದೇ ವೈಫೈನ ಇನ್ನೊಂದು ಕಂಪ್ಯೂಟರಿನಿಂದ ಪರೀಕ್ಷಿಸಬೇಕು.