ರಸ್ತೆ ಸೇಫಾ? ಯಾವ ಲೆಕ್ಕದಲ್ಲಿ?

ಪ್ರಶ್ನೆ: ಕೇಂದ್ರ ಸರ್ಕಾರದ 2022ರ ಅಪಘಾತ ವರದಿಯಲ್ಲಿ ಕೇರಳ 3ನೇ ಸ್ಥಾನದಲ್ಲಿದೆ, ಉತ್ತರ ಪ್ರದೇಶ 4ನೆಯದು. ಅಷ್ಟು ಚಿಕ್ಕ ರಾಜ್ಯದ ರಸ್ತೆ ಅಷ್ಟೊಂದು ಕೆಟ್ಟದ್ದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ನೀವು ನೋಡಿದ್ದು ಅಪಘಾತಗಳ ಪಟ್ಟಿ. ಕೇರಳ 43,910, ಉತ್ತರ ಪ್ರದೇಶ 41,746. ಅದೇ ವರದಿಯಲ್ಲಿ ಸತ್ತವರ ಪಟ್ಟಿಯೂ ಇದೆ: ಕೇರಳದಲ್ಲಿ 4,317, ಉತ್ತರ ಪ್ರದೇಶದಲ್ಲಿ 22,595. ಅಂದರೆ ನೂರು ಅಪಘಾತಕ್ಕೆ ಕೇರಳದಲ್ಲಿ 10 ಜನ ಸತ್ತರೆ ಅಲ್ಲಿ 54 ಜನ. ಇಷ್ಟು ವ್ಯತ್ಯಾಸ ಬರೀ ರಸ್ತೆಯಿಂದ ಬರುವುದಿಲ್ಲ. ಸಾವಾದರೆ ಪೋಸ್ಟ್‌ಮಾರ್ಟಂ, ಎಫ್‌ಐಆರ್ ಆಗಲೇಬೇಕು. ಕೈಕಾಲು ತರಚಿದ್ದು, ಮೂಳೆ ಮುರಿದದ್ದು ಎಷ್ಟೋ ಕಡೆ ಠಾಣೆಯ ಮೆಟ್ಟಿಲೇ ಹತ್ತುವುದಿಲ್ಲ.

ನನ್ನದೇ ಕಥೆ ಕೇಳಿ. ಹೋದ ವರ್ಷ ಹೆದ್ದಾರಿ ಡಿವೈಡರ್‌ನ ಗ್ಯಾಪಲ್ಲಿ ಯಾರೋ ಸುರಿದು ಹೋಗಿದ್ದ ಜಲ್ಲಿ ಮೇಲೆ ಸ್ಕೂಟರ್ ಜಾರಿತು. ಮೊಣಕೈಗೆ 6 ಹೊಲಿಗೆ. ಸೊಟ್ಟಗಾದ ಹ್ಯಾಂಡಲನ್ನು ಮೆಕ್ಯಾನಿಕ್ ಕಾಲಲ್ಲಿ ಒತ್ತಿಟ್ಟು ನೇರ ಮಾಡಿಕೊಟ್ಟ. ಮುಗೀತು. ನಾನು ಬಿದ್ದದ್ದು ಯಾವ ವರದಿಯಲ್ಲೂ ಇಲ್ಲ, ಜಲ್ಲಿಯಂತೂ ಇಲ್ಲವೇ ಇಲ್ಲ. ಕೇರಳದಲ್ಲಿ ಇಂಥದ್ದೂ ಜಾಸ್ತಿ ದಾಖಲಾಗುತ್ತದೆ ಅಂತ ನನ್ನ ಅಂದಾಜು. ಸರಿಯಾಗಿ ಬರೆದಿಟ್ಟವರೇ ಪಟ್ಟಿಯಲ್ಲಿ ಮೇಲೆ ಬಂದು ಬೈಸಿಕೊಳ್ಳುತ್ತಾರೆ.

ಹಾಗಂತ ಸಾವಿನ ಲೆಕ್ಕ ಒಂದೇ ಸಾಕು ಅನ್ನುವ ಹಾಗೂ ಇಲ್ಲ. ಜನಸಂಖ್ಯೆಯಿಂದ ಭಾಗಿಸಿ ನೋಡಿ, ಆಟವೇ ತಿರುಗುತ್ತದೆ. ಲಕ್ಷ ಜನಕ್ಕೆ ಕೇರಳದಲ್ಲಿ ಸುಮಾರು 12 ಸಾವು, ಉತ್ತರ ಪ್ರದೇಶದಲ್ಲಿ 10ರ ಆಸುಪಾಸು. ನಮ್ಮ ಕರ್ನಾಟಕ 17 ದಾಟುತ್ತದೆ (ಆ ವರ್ಷ 11,702 ಜನ ಸತ್ತರು). ಆದರೆ ಕೇರಳದಲ್ಲಿ ಮನೆಮನೆಗೂ ಗಾಡಿ, ಜನ ರಸ್ತೆಯಲ್ಲಿ ಇರುವುದೇ ಜಾಸ್ತಿ. ಅದಕ್ಕೇ ಗಾಡಿಗಳು ಒಟ್ಟು ಎಷ್ಟು ದೂರ ಓಡಿದವು ಅಂತ ಲೆಕ್ಕ ಹಾಕಿ, ಅದರ ಮೇಲೆ ಸಾವನ್ನು ಎಣಿಸುವುದು ನ್ಯಾಯ. ಅಮೆರಿಕದವರು ಹಾಗೇ ಮಾಡುತ್ತಾರೆ: 2022ರಲ್ಲಿ ಹತ್ತು ಕೋಟಿ ಮೈಲಿ ಓಟಕ್ಕೆ 1.33 ಸಾವು.

ಪ್ರಶ್ನೆ: ಹಾಗಾದರೆ ರಾಷ್ಟ್ರೀಯ ಹೆದ್ದಾರಿಯೇ ಅತಿ ಅಪಾಯ ಅನ್ನುವುದು ಸುಳ್ಳಾ?
– ತುಮಕೂರಿನ ಓದುಗರು

ಉತ್ತರ: ಅರ್ಧ ನಿಜ. ಉದ್ದದಲ್ಲಿ ದೇಶದ ರಸ್ತೆಗಳ ಶೇ 2ರಷ್ಟೇ ಇದ್ದರೂ 2022ರ ಸಾವುಗಳಲ್ಲಿ ಶೇ 36 ಅಲ್ಲೇ ಆದವು. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ದೇಶದ ವಾಹನ ಸಂಚಾರದಲ್ಲಿ ಸುಮಾರು ಶೇ 40 ಹೊರುವುದೂ ಇವೇ ಹೆದ್ದಾರಿಗಳು ಅಂತ ಸರ್ಕಾರ ಹೇಳುತ್ತದೆ. ಇದನ್ನೂ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ನಮ್ಮೂರ ಮುಂದೆ ಹೆದ್ದಾರಿ ಅಗಲವಾಯಿತು. ಶಾಲೆ ಮಕ್ಕಳು ಓಡಿಕೊಂಡೇ ದಾಟುತ್ತಾರೆ. ಕೇಳಿದರೆ 'ಇದು ಬ್ಲ್ಯಾಕ್ ಸ್ಪಾಟ್ (ಪದೇ ಪದೇ ಅಪಘಾತವಾಗುವ ಜಾಗ) ಅಲ್ಲ' ಅನ್ನುತ್ತಾರೆ. ಎಷ್ಟು ಜನ ಸಾಯಬೇಕು ಸ್ವಾಮಿ?
– ಹಿರಿಯೂರು ಕಡೆಯ ಓದುಗರು

ಉತ್ತರ: ಸಿಟ್ಟಲ್ಲಿ ಕೇಳಿದ್ದೀರಿ, ಆದರೆ ನಿಯಮದಲ್ಲಿ ಇದಕ್ಕೆ ನಿಜವಾಗಿಯೂ ಸಂಖ್ಯೆ ಇದೆ. ಸುಮಾರು 500 ಮೀಟರ್ ಜಾಗದಲ್ಲಿ 3 ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ನಿಮ್ಮೂರಲ್ಲಿ ಅಂಥ ಅಪಘಾತ ನಾಲ್ಕೇ ಆಗಿದ್ದರೆ ಇನ್ನೂ 'ಸೇಫ್'.

ಇದಕ್ಕೆ ಬೇರೆ ದಾರಿ ಸ್ಟಾರ್ ರೇಟಿಂಗ್. ಕ್ಯಾಮೆರಾ ಹಾಕಿದ ಗಾಡಿ ಓಡಿಸಿ, 100 ಮೀಟರ್‌ಗೊಮ್ಮೆ ರಸ್ತೆಯನ್ನೇ ಪರೀಕ್ಷಿಸುತ್ತಾರೆ: ಫುಟ್‌ಪಾತ್ ಇದೆಯಾ, ದಾಟಲು ಜಾಗ ಇದೆಯಾ, ಪಕ್ಕದಲ್ಲೇ ಮರ ಇದೆಯಾ, ಗಾಡಿಗಳ ವೇಗ ಎಷ್ಟು. ಯಾರೂ ಸಾಯುವ ತನಕ ಕಾಯಬೇಕಿಲ್ಲ. ಒಂದರಿಂದ ಐದು ಸ್ಟಾರ್. ನನಗೆ ಇಷ್ಟವಾದ ವಿಷಯ ಅಂದರೆ ಕಾರಿನವರಿಗೆ, ಬೈಕಿನವರಿಗೆ, ಸೈಕಲ್‌ನವರಿಗೆ, ನಡೆಯುವವರಿಗೆ ಬೇರೆ ಬೇರೆ ಸ್ಟಾರ್. ಅಗಲ ಮಾಡಿದ ಅದೇ ರಸ್ತೆಗೆ ಕಾರಿನ ಲೆಕ್ಕದಲ್ಲಿ ನಾಲ್ಕು, ನಿಮ್ಮ ಮಕ್ಕಳ ಲೆಕ್ಕದಲ್ಲಿ ಒಂದು ಬರಬಹುದು.

ಶಾಲೆ ಬಿಡುವ ಹೊತ್ತಿನ ವಿಡಿಯೊ ಮಾಡಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅರ್ಜಿ ಕೊಡಿ. 'ಬ್ಲ್ಯಾಕ್ ಸ್ಪಾಟಾ?' ಅಂತ ಕೇಳಬೇಡಿ. 'ನಡೆಯುವವರಿಗೆ ಎಷ್ಟು ಸ್ಟಾರ್?' ಅಂತ ಕೇಳಿ, ಲಿಖಿತ ಉತ್ತರ ಬೇಕು ಅನ್ನಿ.