ಕಂಬಳಿ ಮಾರಿಕೊಂಡವಳ ಮೇಲೆ ಬೇಸರವೇಕೆ?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಬರೆದಿದ್ದಾರೆ: “ತಂದೆಯವರ ತಿಥಿಯ ಮಾರನೇ ದಿನ ಪ್ರತಿವರ್ಷ ಐವತ್ತು ಮಂದಿಗೆ ಕಂಬಳಿ, ಅಕ್ಕಿ ಹಂಚುತ್ತೇವೆ. ಈ ಸಲ 25,000 ರೂಪಾಯಿ ಖರ್ಚಾಯಿತು. ಮೂರೇ ದಿನಕ್ಕೆ ದೇವರಾಜ ಮಾರುಕಟ್ಟೆಯ ಹತ್ತಿರ ಒಬ್ಬಾಕೆ ನಮ್ಮ ಕಂಬಳಿಯನ್ನು 80 ರೂಪಾಯಿಗೆ ಮಾರುತ್ತಿದ್ದಳು. ನಾವು ತಂದದ್ದು 350ಕ್ಕೆ. ವಸ್ತು ಕೊಟ್ಟರೆ ಮಾರುತ್ತಾರೆ, ದುಡ್ಡು ಕೊಟ್ಟರೆ ಕುಡಿಯುತ್ತಾರೆ. ಬಡವರಿಗೆ ಕೊಡಲು ಬೇರೆ ದಾರಿ ಇಲ್ಲವೇ?”

ಸಂಪಾದಕರ ಉತ್ತರ:

ಮಾನ್ಯರೇ, ತಂದೆಯ ನೆನಪಿಗೆ ವರ್ಷವೂ ತಪ್ಪದೆ ಕೈ ಬಿಚ್ಚುವ ಮನಸ್ಸು ದೊಡ್ಡದು. ಆದರೆ ನಿಮ್ಮ ಬೇಸರ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಆಕೆಗೆ ಆ ದಿನ ಬೇಕಿದ್ದದ್ದು 80 ರೂಪಾಯಿ. ಅದನ್ನು ಪಡೆಯಲು ಅವಳಿಗಿದ್ದ ಒಂದೇ ದಾರಿ ನಿಮ್ಮ ಕಂಬಳಿ. ನಿಮ್ಮ ಕೈ ಬಿಟ್ಟ 350ರಲ್ಲಿ 270 ಯಾರ ಹೊಟ್ಟೆಗೂ ಸೇರದೆ ನಡುದಾರಿಯಲ್ಲಿ ಕರಗಿತು. ಕರಗಿಸಿದವಳು ಅವಳಲ್ಲ. ಏನು ಬೇಕೆಂದು ಕೇಳದೆ ಕೊಂಡು ತಂದ ನಾವು. ದಾನವಾಗಿ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂಬ ಗಾದೆಯನ್ನು ಪಡೆಯುವವರ ಬಾಯಿ ಮುಚ್ಚಿಸಲು ಬಳಸುತ್ತೇವೆ. ಎಮ್ಮೆಗೆ ಮೇವು ಹಾಕಬೇಕಾದವಳು ಅವಳು, ಹಲ್ಲು ನೋಡಲೇಬೇಕು.

ವಸ್ತು ಕೊಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ನೆರೆ ಬಂದಾಗ, ಗುಡಿಸಲು ಸುಟ್ಟಾಗ, ಮಾಗಿಯ ಚಳಿಯಲ್ಲಿ ಆಸ್ಪತ್ರೆಯ ಹೊರಗೆ ಮಲಗಿದ ರೋಗಿಯ ಕಡೆಯವರಿಗೆ ಕಂಬಳಿಯೇ ಬೇಕು. ಹಣಕ್ಕೂ ಮಿತಿಯುಂಟು. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಕೊಡತೊಡಗಿದರು. ಆ ದುಡ್ಡಿಗೆ ಅಂಗಡಿಯಲ್ಲಿ ಐದು ಕಿಲೋ ಒಳ್ಳೆಯ ಅಕ್ಕಿ ಬರುತ್ತಿರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿದರು. ಇಷ್ಟನ್ನು ಒಪ್ಪುತ್ತೇವೆ.

ಆದರೆ “ದುಡ್ಡು ಕೊಟ್ಟರೆ ಕುಡಿಯುತ್ತಾರೆ” ಎಂಬ ಮಾತನ್ನು ಇನ್ನು ಬಿಡಬೇಕು. ಡೇವಿಡ್ ಇವಾನ್ಸ್ ಮತ್ತು ಅನಾ ಪೊಪೊವಾ ಎಂಬ ಸಂಶೋಧಕರು ಹಲವು ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಕೊಟ್ಟದ್ದರಿಂದ ಕುಡಿತ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 2011–12ರಲ್ಲಿ ‘ಸೇವಾ’ ಎಂಬ ದುಡಿಯುವ ಹೆಣ್ಣುಮಕ್ಕಳ ಸಂಘಟನೆ ಯುನಿಸೆಫ್ ನೆರವಿನಿಂದ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿಯಂತೆ ಯಾವ ಷರತ್ತೂ ಇಲ್ಲದೆ ಕೊಡಲು ಶುರುಮಾಡಿತು. ಜನ ಆಡು, ಕೋಳಿ ಕೊಂಡರು. ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ತೂಕ ಸುಧಾರಿಸಿತು. ಕೀನ್ಯಾದಲ್ಲಿ ಇಂಥದೇ ನಗದು ಇಡುಗಂಟಾಗಿ ಸಿಕ್ಕವರು ಹುಲ್ಲಿನ ಮಾಡು ತೆಗೆದು ತಗಡು ಹೊದಿಸಿದರು, ತಿಂಗಳು ತಿಂಗಳು ಸಿಕ್ಕವರ ಮನೆಯಲ್ಲಿ ಊಟ ಸುಧಾರಿಸಿತು. ಮಾಡು ಬೇಕೋ ಊಟ ಬೇಕೋ ಎಂದು ಮೊದಲು ಕೇಳಿ.

ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಚೆನ್ನೈ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಮೀಟರ್ ಬಡ್ಡಿಯಂಥ ಸಾಲದಲ್ಲಿದ್ದ ಸಣ್ಣ ವ್ಯಾಪಾರಿಗಳ ಸಾಲವನ್ನು ಸಂಶೋಧಕರು ಪೂರ್ತಿ ತೀರಿಸಿಬಿಟ್ಟರು. ಆರು ವಾರದೊಳಗೆ ಹೆಚ್ಚಿನವರು ಮತ್ತೆ ಸಾಲಕ್ಕೆ ಬಿದ್ದಿದ್ದರು. ಮಗುವಿಗೆ ಜ್ವರ, ಮನೆಯಲ್ಲೊಂದು ಸಾವು, ನಾಲ್ಕು ದಿನ ಮಳೆ, ಇಷ್ಟು ಸಾಕು ಮತ್ತೆ ಬಡ್ಡಿಯವನ ಬಾಗಿಲಿಗೆ ಹೋಗಲು. ಒಂದೇ ಸಲ ಐವತ್ತು ಮಂದಿಗೆ ಕೊಡುವುದಕ್ಕಿಂತ ಒಂದೇ ಮನೆಗೆ ಹನ್ನೆರಡು ತಿಂಗಳು ಕೊಡಿ ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೇ.

ಕೊಡುವ ಮುನ್ನ ಆ ಮನೆಯಾಕೆಯ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ, ಜೊತೆಯಲ್ಲಿ ಕೂತು ನೋಡಿ. ಖಾತೆ ಅವಳ ಹೆಸರಿನಲ್ಲೇ ಇರಲಿ. ಎರಡು ವರ್ಷ ಅವಳಾಗಿ ಹಣ ಹಾಕಿ ತೆಗೆದಿಲ್ಲವೆಂದರೆ ಖಾತೆ ನಿಷ್ಕ್ರಿಯವಾಗಿರುತ್ತದೆ, ಮತ್ತೆ ಕೆವೈಸಿ, ಅಂದರೆ ಗುರುತು, ವಿಳಾಸದ ದಾಖಲೆ ಕೊಡಬೇಕು. ಫೈನಾನ್ಸ್‌ನವರ ಕಂತು ಆ ಖಾತೆಯಿಂದ ತಾನಾಗಿ ಕಡಿತವಾಗುತ್ತಿದ್ದರೆ ನೀವು ಹಾಕಿದ 2,000 ಬೆಳಗಾಗುವುದರೊಳಗೆ ಮಾಯ. ಹಿಂದಿನ ಕಂತು ವಾಪಸಾದದ್ದಕ್ಕೆ ಬ್ಯಾಂಕು ಹಾಕಿದ ದಂಡವೂ ಅದರಲ್ಲೇ ಹೋಗುತ್ತದೆ. ಹಾಗಿದ್ದರೆ ಕಂತಿಲ್ಲದ ಬೇರೆ ಖಾತೆಗೆ ಹಾಕಿ, ಇಲ್ಲವೇ ಕೈಗೇ ಕೊಡಿ.

ಗೃಹಲಕ್ಷ್ಮಿಯ 2,000 ಬರುತ್ತಿಲ್ಲವೆಂದು ಅಲೆಯುವವರ ಹಣ ಎಷ್ಟೋ ಬಾರಿ ಬಂದೇ ಇರುತ್ತದೆ, ಆದರೆ ಮರೆತುಹೋದ ಇನ್ನೊಂದು ಖಾತೆಗೆ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೇ ಸರ್ಕಾರದ ಹಣ ಬೀಳುವುದು. ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮಿ, ಬ್ಯಾಂಕಿನಲ್ಲಿ ಲಕ್ಷ್ಮೀದೇವಮ್ಮ ಎಂದಿದ್ದರೆ ಒಂದೊಂದು ಕೌಂಟರಿನಲ್ಲೂ ಒಂದೊಂದು ದಿನದ ಕೂಲಿ ಹೋಗುತ್ತದೆ. ಅಲ್ಲಿಗೆ ಜೊತೆಗೆ ಹೋಗಿ, ಆ ದಿನದ ಕೂಲಿಯನ್ನೂ ಕೊಡಿ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ನಾಡಕಚೇರಿಯಲ್ಲಿ ನೀವು ಕಳೆಯುವ ಎರಡು ಬೆಳಗ್ಗೆಗಳಿಂದ ಒಬ್ಬ ಅಜ್ಜಿಗೆ ವರ್ಷಕ್ಕೆ 14,400 ಆಗುತ್ತದೆ. ನಿಮ್ಮ ಯಾವ ಕಂಬಳಿಯೂ ಅಷ್ಟು ಬೆಚ್ಚಗಿರದು.

ಕೊಡುವ ಕಾಲವೂ ಮುಖ್ಯ. ನಮಗೆ ಯುಗಾದಿ, ದೀಪಾವಳಿ, ತಿಥಿ ಬಂದಾಗ ಕೊಡುವ ಮನಸ್ಸಾಗುತ್ತದೆ. ಮಂಡ್ಯದ ಕಡೆ ನಾಲೆಗೆ ನೀರು ಬರುವುದು ನಿಂತು ಗದ್ದೆ ಒಣಗಿದಾಗ ನಾಟಿಯೂ ಇಲ್ಲ, ಕಳೆಯೂ ಇಲ್ಲ, ಕೂಲಿಯೂ ಇಲ್ಲ. ಅದರ ಬೆನ್ನಿಗೇ ಜೂನ್ ಬರುತ್ತದೆ: ಶಾಲೆಯ ಫೀಸು, ನೋಟ್‌ಬುಕ್ಕು, ಚಪ್ಪಲಿ. ಓಲೆ ಗಿರವಿ ಅಂಗಡಿ ಸೇರುವುದು ಆಗ. ಅಡವಿಟ್ಟ ಒಡವೆಯನ್ನು ಪೂರಾ ಬಿಡಿಸಿಕೊಡಲು ಆಗದಿದ್ದರೂ ಚಿಂತೆಯಿಲ್ಲ, ವಾಯಿದೆ ಮುಗಿಯುವ ಮೊದಲು ಬಡ್ಡಿ ಕಟ್ಟಿ ಚೀಟಿ ನವೀಕರಿಸಿದರೆ ಹರಾಜು ತಪ್ಪುತ್ತದೆ.

ನಮಗೆ ನಿಜಕ್ಕೂ ಸಂಕಟವಾಗುವ ಸಂಗತಿ ಬೇರೆಯಿದೆ. ಇಂದು ದಾನವೆಂದರೆ ಫ್ಲೆಕ್ಸು. ವೃದ್ಧೆಯರನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸಿ, ಒಂದು ಸೀರೆಯ ತುದಿಯನ್ನು ಆರು ಜನ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳಂತೆ. ತನಗೆಷ್ಟು ಬೇಕೆಂಬ ಅಳತೆ ಆ ಬಡವಿಯ ಕೈಯಲ್ಲಿತ್ತು. ಆ ಅಳತೆಯನ್ನೇ ನಾವು ಕಿತ್ತುಕೊಂಡಿದ್ದೇವೆ. ಐವತ್ತು ಮಂದಿಗೆ ಹಂಚುವ ಮನೆಗಳಲ್ಲೇ ಪಾತ್ರೆ ತೊಳೆಯುವಾಕೆಗೆ ವಾರದ ರಜೆಯಿಲ್ಲ, ಜ್ವರ ಬಂದು ಎರಡು ದಿನ ತಪ್ಪಿಸಿಕೊಂಡರೆ ಸಂಬಳ ಹಿಡಿಯುತ್ತಾರೆ. ನಿಮ್ಮ ಮನೆ ಹಾಗಿಲ್ಲವೆಂದೇ ನಂಬುತ್ತೇವೆ, ಆದರೂ ದಾನವನ್ನು ಆ ಅಡುಗೆಮನೆಯಿಂದಲೇ ಶುರುಮಾಡಿ ಎಂದು ಕೇಳಿಕೊಳ್ಳುತ್ತೇವೆ.

ನಿಮ್ಮ 25,000ದ ಲೆಕ್ಕ ಹೀಗೆ. ಒಂದು ಮನೆಗೆ ತಿಂಗಳಿಗೆ 2,000ದಂತೆ 24,000. ಗಂಡಹೆಂಡತಿ ಇಬ್ಬರೂ 50 ದಾಟಿಲ್ಲವಾದರೆ ಕೇಂದ್ರ ಸರ್ಕಾರದ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ ತಲಾ 436, ಸುರಕ್ಷಾ ಅಪಘಾತ ವಿಮೆಗೆ ತಲಾ 20, ಒಟ್ಟು 912. ಒಂದೊಂದೂ ಎರಡು ಲಕ್ಷದ ವಿಮೆ. ಇಬ್ಬರ ಖಾತೆಯಲ್ಲೂ ಮೇ ಕೊನೆಯ ವಾರ ಆ ಹಣ ಇರಲೇಬೇಕು. ಇಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ, ಹಾಗಾದದ್ದು ಸಾವಾದ ಮೇಲೆಯೇ ಮನೆಯವರಿಗೆ ಗೊತ್ತಾಗುವುದು. ನಾಮಿನಿ ಹೆಸರನ್ನೂ ಅಂದೇ ಬರೆಸಿ. ಉಳಿಯುವುದು 88 ರೂಪಾಯಿ. ಬ್ಯಾಂಕಿಗೆ ಹೋಗಿಬರಲು ಆಕೆಗೆ ಸರ್ಕಾರಿ ಬಸ್ಸು ಉಚಿತ, ಟಿಕೆಟ್ ತೆಗೆಯಬೇಕಾದವರು ನೀವೊಬ್ಬರೇ.