ಬಲ್ಬ್ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಮಳೆಗಾಲ ಹತ್ತಿರ ಬಂತೆಂದರೆ ಲೈಟಿನ ಪ್ರಶ್ನೆಗಳು ಶುರು. ಸವೆದ ಟೈರಿನ ಬಗ್ಗೆ ಯಾರೂ ಕೇಳುವುದಿಲ್ಲ, ವೈಪರ್ ರಬ್ಬರಿನ ಬಗ್ಗೆಯೂ ಕೇಳುವುದಿಲ್ಲ. ಎಲ್ಲರಿಗೂ ಜಾಸ್ತಿ ಬೆಳಕು ಬೇಕು, ಅದೂ ನಾಳೆಯೊಳಗೆ. ಮೂವತ್ತು ವರ್ಷದಿಂದ ಹಾಸನದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಇದೇ ಪ್ರಶ್ನೆಗೆ ಅಂಗಡಿಯಲ್ಲಿ ದಿನಕ್ಕೆ ಎರಡು ಸಲವಾದರೂ ಉತ್ತರ ಕೊಡುತ್ತೇನೆ. ಈ ಸಲ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬಂಥ ಮಾತನ್ನೆಲ್ಲ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಸಣ್ಣ ಕಾರು. ವಾರಕ್ಕೆ ಎರಡು ಸಲ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಿ ಬರುತ್ತೇನೆ. ರಾತ್ರಿ ಲೈಟ್ ಸಾಲುವುದಿಲ್ಲ. ಒಬ್ಬ ಅಂಗಡಿಯವರು 100/90 ವಾಟ್ ಬಲ್ಬ್ ಹಾಕಿಸಿ ಅಂತಾರೆ. ಇನ್ನೊಬ್ಬರು 20,000 ಲ್ಯೂಮೆನ್‌ನ ಎಲ್‌ಇಡಿ ತೋರಿಸುತ್ತಾರೆ. ಯಾವುದು ಒಳ್ಳೆಯದು? ಫಾಗ್ ಲೈಟೂ ಹಾಕಿಸಬೇಕು ಅಂತಿದ್ದೇನೆ. — ಮೂಡಿಗೆರೆಯ ಓದುಗರು

ಎರಡೂ ಬೇಡ.

ಹತ್ತು ವರ್ಷದ ಕೆಳಗೆ ಇದೇ ಕಾರು, ಇದೇ 60/55 ವಾಟ್‌ನ ಎಚ್4 ಬಲ್ಬ್ (ಒಂದೇ ಬಲ್ಬಿನಲ್ಲಿ ಹೈಬೀಮ್‌ಗೆ 60, ಲೋಬೀಮ್‌ಗೆ 55). ಆಗ ನಿಮಗೆ ರಸ್ತೆ ಕಾಣುತ್ತಿತ್ತು, ಅಲ್ವಾ? ಈಗ ಕಾಣುವುದಿಲ್ಲ ಎಂದರೆ ಏನೋ ಕೆಟ್ಟಿದೆ. ಕೆಟ್ಟದ್ದನ್ನು ಹುಡುಕದೆ ದೊಡ್ಡ ಬಲ್ಬ್ ಹಾಕುವುದು, ಪೈಪು ಕಟ್ಟಿಕೊಂಡಿದ್ದಕ್ಕೆ ಮೋಟಾರು ದೊಡ್ಡದು ಮಾಡಿದ ಹಾಗೆ.

ಮೊದಲು ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಎಂಜಿನ್ ಚಾಲೂ ಇರಲಿ, ಹೆಡ್‌ಲೈಟ್ ಉರಿಯುತ್ತಿರಲಿ. ಬ್ಯಾಟರಿ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿಸಿ. 13.8ರ ಆಸುಪಾಸು ಬರಬೇಕು. ಆಮೇಲೆ ಬಲ್ಬಿನ ಹಿಂದೆ, ಹೋಲ್ಡರ್‌ನಲ್ಲೇ ನೋಡಿಸಿ. ಬಲ್ಬ್ ಸಿಕ್ಕಿಸಿ ಉರಿಯುತ್ತಿರುವಾಗಲೇ ಅಳೆಯಬೇಕು. ಹೋಲ್ಡರ್ ಕಳಚಿ ಅಳೆದರೆ ಕರೆಂಟೇ ಹರಿಯುವುದಿಲ್ಲ, ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತದೆ. ಹಾಗೆ ಅಳೆದು "ಸರ್, ವೈರಿಂಗ್ ಪಕ್ಕಾ ಇದೆ" ಅನ್ನುವವರು ಊರಿಗೆ ನಾಲ್ಕು ಜನ ಇದ್ದಾರೆ.

ನನ್ನ ಅಂಗಡಿಗೆ ಬರುವ ಹಳೆಯ ಕಾರುಗಳಲ್ಲಿ ಹೋಲ್ಡರ್ ಹತ್ತಿರ 12.2 ವೋಲ್ಟ್ ಬರುವುದು ಮಾಮೂಲು. ಒಂದೂವರೆ ವೋಲ್ಟ್ ತಾನೇ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. 13.8 ಇರಬೇಕಾದ ಕಡೆ 12.2 ಇದ್ದರೆ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಹೋಯಿತು. ಎಲ್ಲಿಗೆ ಹೋಯಿತು? ಸಣ್ಣ ವೈರಿನಲ್ಲಿ, ತುಕ್ಕು ಹಿಡಿದ ಅರ್ಥ್ ಬೋಲ್ಟಿನಲ್ಲಿ, ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟಿನಲ್ಲಿ ಬಿಸಿಯಾಗಿ ಹೋಯಿತು.

ಈಗ ಅದೇ ವೈರಿಗೆ 100/90 ಬಲ್ಬ್ ಹಾಕಿ ನೋಡೋಣ. ಹೈಬೀಮ್‌ನಲ್ಲಿ ಎರಡು 60 ವಾಟ್ ಬಲ್ಬ್ ಎಳೆಯುವುದು ಸುಮಾರು 10 ಆಂಪಿಯರ್. ಎರಡು 100 ವಾಟ್ ಎಳೆಯುವುದು ಸುಮಾರು 16.7. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಬಿಸಿ ಹೆಚ್ಚೂಕಡಿಮೆ ಮೂರು ಪಟ್ಟು. ದಾರಿಯಲ್ಲಿ ಸೋರುವ ವೋಲ್ಟೇಜೂ ಕರೆಂಟ್ ಏರಿದಷ್ಟೇ ಪಟ್ಟು ಏರುತ್ತದೆ. ಆದ್ದರಿಂದ 100 ವಾಟ್ ಎಂದು ಕೊಂಡದ್ದು 100 ವಾಟ್‌ನ ಬೆಳಕು ಕೊಡುವುದೇ ಇಲ್ಲ. ಮೊದಲು ಫ್ಯೂಸ್ ಹೋಗುತ್ತದೆ. ಆಗ ಬುದ್ಧಿವಂತರೊಬ್ಬರು ದೊಡ್ಡ ಫ್ಯೂಸ್ ಹಾಕಿಕೊಡುತ್ತಾರೆ. ಆಮೇಲೆ ವೈರೇ ಫ್ಯೂಸ್ ಆಗುತ್ತದೆ. ಇಷ್ಟರ ನಡುವೆ ಒಳಗಿನ ಡೂಮ್, ಅಂದರೆ ಬೆಳಕನ್ನು ಮುಂದಕ್ಕೆ ಎಸೆಯುವ ಹೊಳೆಯುವ ಬಟ್ಟಲು, ಬಿಸಿಗೆ ಮಂಕಾಗಿ, ಬೆಳ್ಳಿಯಂಥ ಹೊಳಪು ಹೋಗಿರುತ್ತದೆ. ಅಲ್ಲಿಗೆ ಯಾವ ಬಲ್ಬ್ ಹಾಕಿದರೂ ಅಷ್ಟೇ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸ ಕಲಿತ ಹೊಸದರಲ್ಲಿ ನಮ್ಮ ಸೋದರಮಾವನ ಜೀಪಿಗೆ ನಾನೇ 100/90 ಹಾಕಿಕೊಟ್ಟಿದ್ದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚುವ ಸ್ವಿಚ್) ಹಾಕಿರಲಿಲ್ಲ. "ಏನ್ ಬೆಳಕೋ ಮಾರಾಯ" ಅಂತ ಮಾವ ಎರಡು ವಾರ ಊರೆಲ್ಲ ಹೇಳಿಕೊಂಡು ತಿರುಗಿದರು. ಮೂರನೇ ವಾರ ಶಿರಾಡಿ ಘಾಟಿಯ ತಿರುವಿನಲ್ಲಿ ಹೋಲ್ಡರ್ ಕರಗಿ ಎರಡೂ ಲೈಟ್ ಒಟ್ಟಿಗೆ ಹೋದವು. ಜೋರು ಮಳೆ. ಎದುರಿಗೆ ಟ್ಯಾಂಕರ್. ಮಾವ ಬದುಕಿದ್ದು ಚರಂಡಿ ಇದ್ದ ಕಡೆಗೆ ಸ್ಟಿಯರಿಂಗ್ ತಿರುಗಿಸಿದ್ದಕ್ಕೆ. ಮಾವ ನನ್ನನ್ನು ಬೈಯಲಿಲ್ಲ. ಅತ್ತೆ ಇವತ್ತಿಗೂ ಬೈಯುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ರಿಲೇ ಹಾಕಿಸಿ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಲೋಬೀಮ್‌ಗೆ ಒಂದು ರಿಲೇ, ಹೈಬೀಮ್‌ಗೆ ಒಂದು. ಹಳೆಯ ಸ್ವಿಚ್ಚಿನ ಕೆಲಸ ರಿಲೇ ಎಬ್ಬಿಸುವುದಷ್ಟೇ, ಬಲ್ಬಿನ ಕರೆಂಟ್ ಅದರ ಮೂಲಕ ಹೋಗುವುದಿಲ್ಲ. ಎಚ್4ಗೆ ರೆಡಿಮೇಡ್ ವೈರಿಂಗ್ ಸೆಟ್ ಸಿಗುತ್ತದೆ. ಕಾರಿನ ವೈರ್ ಕತ್ತರಿಸದೆ ಸುಮ್ನೆ ಸಿಕ್ಕಿಸಬಹುದು. ಅರ್ಥ್ ವೈರನ್ನೂ ಹೊಸದು ಹಾಕಿಸಿ, ಬೋಲ್ಟಿನ ಕೆಳಗಿನ ಪೇಂಟ್ ಕೆರೆಸಿ. ಆಮೇಲೆ ಮತ್ತೆ ಅಳೆಸಿ. ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಲೈಟನ್ನು ಕಂಪ್ಯೂಟರೇ ನೋಡಿಕೊಳ್ಳುವ ಹೊಸ ಕಾರಿನವರು, ವಾರಂಟಿ ಇರುವವರು ಈ ಪ್ಯಾರಾ ಓದಿ ಮರೆತುಬಿಡಿ.

ಎರಡನೆಯದು, ಲೈಟಿನ ಮುಂದಿನ ಪ್ಲಾಸ್ಟಿಕ್. ಹತ್ತು ವರ್ಷ ಬಿಸಿಲು ತಿಂದ ಮೇಲೆ ಅದು ಹಳದಿಯಾಗಿ ಹಾಲುಹಾಲಾಗಿರುತ್ತದೆ. 800, 1500, 2000 ನಂಬರಿನ ವಾಟರ್ ಪೇಪರ್ ಒಂದಾದ ಮೇಲೊಂದು ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಯುವಿ ಕೋಟಿಂಗ್ ಹೊಡೆಸಬೇಕು. ಕೋಟಿಂಗ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಮೂರನೆಯದನ್ನು ಯಾರೂ ಮಾಡಿಸುವುದಿಲ್ಲ. ಫೋಕಸ್ ಸೆಟ್ಟಿಂಗ್. ಲೋಬೀಮ್ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯಬೇಕು. ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿ ಲೈಟ್ ಇದ್ದರೆ ಬೆಳಕಿನ ಅಂಚು 65 ಮೀಟರ್ ದೂರಕ್ಕೆ ಹೋಗಿ ನೆಲ ಮುಟ್ಟುತ್ತದೆ. 10 ಮೀಟರಿಗೆ 20 ಸೆಂಟಿಮೀಟರ್ ಇಳಿದರೆ ಮೂವತ್ತೆರಡು ಮೀಟರಿಗೇ ಮುಗಿಯಿತು. ಒಂದು ಸ್ಕ್ರೂ ತಿರುಗಿಸಿದರೆ ಅರ್ಧ ರಸ್ತೆ ವಾಪಸ್ ಬರುತ್ತದೆ, ಬಲ್ಬಿನ ಕಾಸೂ ಉಳಿಯಿತು. ಸಮತಟ್ಟು ಜಾಗ, ಐದು ಮೀಟರ್ ದೂರದಲ್ಲಿ ಗೋಡೆ, ಸೀಟಿನಲ್ಲಿ ನೀವು, ಟೈರಿನಲ್ಲಿ ಸರಿಯಾದ ಗಾಳಿ, ಕಾರಿನ ಒಳಗೆ ಲೈಟ್ ಏರಿಳಿಸುವ ಗುಂಡಿ 0ಯಲ್ಲಿ. ಬೆಳಕಿನ ಮೇಲಂಚು ಲೈಟಿನ ನಡುಭಾಗಕ್ಕಿಂತ 5 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆ ಮೇಲಕ್ಕೆ ಏರಿದ್ದರೆ ಗಾಬರಿ ಬೇಡ. ನಮ್ಮಲ್ಲಿ ರಸ್ತೆಯ ಎಡ ಅಂಚು ಕಾಣಲಿ ಅಂತಲೇ ಹಾಗೆ ಮಾಡಿರುವುದು.

ಇಷ್ಟಾದ ಮೇಲೂ ಆಸೆ ತೀರದಿದ್ದರೆ ಫಿಲಿಪ್ಸ್, ಓಸ್ರಾಮ್‌ನಂಥ ಕಂಪನಿಗಳ 60/55 ವಾಟ್‌ನದೇ "ಪ್ಲಸ್" ಬಲ್ಬ್ ಹಾಕಿಸಿ. ವಾಟ್ ಅಷ್ಟೇ, ಒಳಗಿನ ತಂತಿ ಬೇರೆ. ಡಬ್ಬದ ಮೇಲಿನ "ಶೇ 130 ಜಾಸ್ತಿ" ಎನ್ನುವುದು ರಸ್ತೆಯ ಯಾವುದೋ ಒಂದು ಜಾಗದ ಲೆಕ್ಕ, ಎಲ್ಲ ಕಡೆಯದ್ದಲ್ಲ. ಬೇಗ ಸುಡುತ್ತವೆ, ಅದೂ ಗೊತ್ತಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ನನಗೆ ತಂದು ತೋರಿಸಬೇಡಿ. ಡಬ್ಬ ಮಾತ್ರ ಆ ಕಂಪನಿಯದ್ದಿರುತ್ತದೆ.

ಇನ್ನು ಆ 20,000 ಲ್ಯೂಮೆನ್. ಲ್ಯೂಮೆನ್ ಎಂದರೆ ಬಲ್ಬ್ ಕೊಡುವ ಬೆಳಕಿನ ಅಳತೆ. ಎಚ್4 ಬಲ್ಬ್ ಲೋಬೀಮ್‌ನಲ್ಲಿ ಕೊಡುವುದು ಸುಮಾರು 1,000 ಲ್ಯೂಮೆನ್, ಹೈಬೀಮ್‌ನಲ್ಲಿ ಸುಮಾರು 1,650. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ 100ರಿಂದ 150 ಲ್ಯೂಮೆನ್ ಕೊಡಬಹುದು. 20,000 ಬೇಕೆಂದರೆ 130 ವಾಟಿಗಿಂತ ಜಾಸ್ತಿ ಬೇಕು. ಡಬ್ಬ ತಿರುಗಿಸಿ ನೋಡಿ, 40 ವಾಟ್ ಅಂತಿರುತ್ತದೆ. ಹೆಬ್ಬೆರಳಷ್ಟು ದಪ್ಪದ ಫ್ಯಾನ್ ಕಟ್ಟಿಕೊಂಡು 130 ವಾಟ್ ಎಲ್‌ಇಡಿ ಹತ್ತು ನಿಮಿಷವೂ ಉಳಿಯುವುದಿಲ್ಲ.

ಲೆಕ್ಕ ಸುಳ್ಳು ಅನ್ನುವುದು ಸಣ್ಣ ತಕರಾರು. ದೊಡ್ಡದು ಬೇರೆಯೇ ಇದೆ. ಎಚ್4 ಒಳಗೆ ಲೋಬೀಮ್ ತಂತಿಯ ಕೆಳಗೆ ಸಣ್ಣ ತಗಡಿನ ಬಟ್ಟಲಿದೆ. ಅದು ಕೆಳಕ್ಕೆ ಹೋಗುವ ಬೆಳಕನ್ನು ತಡೆದು, ಡೂಮ್‌ನ ಮೇಲರ್ಧಕ್ಕೆ ಮಾತ್ರ ಬೆಳಕು ಬೀಳಿಸುತ್ತದೆ. ಎದುರಿನವರ ಕಣ್ಣಿಗೆ ಹೊಡೆಯದೆ ಇರುವುದು ಅದರಿಂದಲೇ. ತಂತಿ ಒಂದು ಮಿಲಿಮೀಟರ್ ಆಚೀಚೆ ಆದರೂ ಬೀಮ್ ಕೆಡುತ್ತದೆ. ಎಲ್‌ಇಡಿಯಲ್ಲಿ ತಂತಿಯ ಜಾಗದಲ್ಲಿ ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ಬೆಳಕು ಹೊರಡುವ ಜಾಗವೂ ಬೇರೆ, ಹರಡುವ ರೀತಿಯೂ ಬೇರೆ. ಫಲ ಏನು? ಕಾರಿನ ಮುಂದಿನ ಹತ್ತು ಮೀಟರ್ ಮದುವೆಮನೆ ಚಪ್ಪರದ ಹಾಗೆ ಬೆಳಗುತ್ತದೆ. ಅದನ್ನು ನೋಡಿ ನಿಮಗೆ ಖುಷಿ. ಆದರೆ ಹತ್ತಿರದ ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ ಕತ್ತಲು ಇನ್ನೂ ಕಪ್ಪಾಗುತ್ತದೆ. ಎಮ್ಮೆ ನಿಂತಿರುವುದು ಐವತ್ತು ಮೀಟರ್ ಆಚೆ.

ಎದುರಿನಿಂದ ಬೈಕಿನಲ್ಲಿ ಬರುವವನ ಗತಿ ಕೇಳಲೇಬೇಡಿ. ಎಂಟು ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಕುಕ್ಕಬಾರದು ಎಂದು ಕೇಂದ್ರದ ಮೋಟಾರು ವಾಹನ ನಿಯಮದಲ್ಲೇ ಇದೆ. 2019ರ ತಿದ್ದುಪಡಿ ಬಂದ ಮೇಲೆ, ನಿಯಮ ಮೀರಿ ಗಾಡಿ ಮಾರ್ಪಡಿಸಿದ ಮಾಲೀಕರಿಗೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡನ್ನೂ ಹಾಕಬಹುದು. "ಎಲ್ಲರೂ ಹಾಕಿಸಿದ್ದಾರೆ ಸರ್" ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ಕಂಪನಿಯೇ ಎಲ್‌ಇಡಿಗಾಗಿ ಮಾಡಿದ ಹೆಡ್‌ಲೈಟ್ ಇದ್ದರೆ ಅದರ ಮಾತು ಬೇರೆ. ಅಲ್ಲಿ ಡೂಮ್ ಅಥವಾ ಲೆನ್ಸನ್ನೇ ಆ ಚಿಪ್ಪಿಗೆ ತಕ್ಕ ಹಾಗೆ ಮಾಡಿರುತ್ತಾರೆ.

ಫಾಗ್ ಲೈಟ್ ಹಾಕಿಸಿ, ಚಾರ್ಮಾಡಿಗೆ ಅದು ಬೇಕು. ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿ. ಬೆಳಕು ಜಾಸ್ತಿ ಮಾಡಿದಷ್ಟೂ ಆ ಹನಿಗಳು ನಿಮ್ಮ ಕಣ್ಣಿಗೇ ವಾಪಸ್ ಎಸೆಯುತ್ತವೆ. ಮಂಜಿನಲ್ಲಿ ಹೈಬೀಮ್ ಹಾಕಿ, ಎದುರಿಗೆ ಬಿಳಿ ಗೋಡೆ ಎದ್ದದ್ದನ್ನು ನೀವೇ ನೋಡಿರುತ್ತೀರಿ. ಫಾಗ್ ಲೈಟ್ ಇರುವುದು ಬಂಪರಿನ ಕೆಳಗೆ. ಅಗಲವಾಗಿ, ಚಪ್ಪಟೆಯಾಗಿ, ಕಣ್ಣಿನ ಎತ್ತರದ ಮಂಜನ್ನು ಮುಟ್ಟದೆ ನೆಲಕ್ಕೆ ಬೆಳಕು ಬಿಡುತ್ತದೆ. ಅದರ ಗುಟ್ಟು ಎತ್ತರದಲ್ಲಿದೆ, ವಾಟಿನಲ್ಲಲ್ಲ. ಕಂಪನಿ ಬಿಟ್ಟಿರುವ ಗುಂಡಿಯಲ್ಲೇ ಕೂರಿಸಿ, ಬಾನೆಟ್ ಮೇಲೆ ಬೇಡ.

ಇಲ್ಲೂ ಒಂದು ಕಿತಾಪತಿ ಇದೆ. ಎಚ್8 ಎಂದರೆ 35 ವಾಟ್, ಎಚ್11 ಎಂದರೆ 55 ವಾಟ್. ಎರಡೂ ನೋಡಲು ಒಂದೇ ಥರ. ತಪ್ಪಿ ಅದಲುಬದಲಾಗದಿರಲಿ ಎಂದು ಬುಡದ ಕಿವಿಗಳನ್ನು ಬೇರೆ ಬೇರೆ ಮಾಡಿದ್ದಾರೆ. ಅಂಗಡಿಯಲ್ಲಿ ಆ ಕಿವಿಯನ್ನು ಅರದಿಂದ ಉಜ್ಜಿ 35ರ ಮನೆಗೆ 55 ತುರುಕುತ್ತಾರೆ. ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಅರ ಕೈಗೆತ್ತಿಕೊಂಡರೆ ಕಾರು ವಾಪಸ್ ತೆಗೆದುಕೊಂಡು ಬನ್ನಿ.

ಕೊಟ್ಟಿಗೆಹಾರ ದಾಟಿ ಮಂಜು ದಟ್ಟವಾದರೆ ಲೋಬೀಮ್, ಫಾಗ್ ಲೈಟ್, ವೈಪರ್. ಗಾಜಿನ ಒಳಬದಿ ಒರೆಸಿಕೊಳ್ಳಿ. ಪಕ್ಕದ ಗಾಜು ಸ್ವಲ್ಪ ಇಳಿಸಿ, ಎದುರಿನ ಬಸ್ಸಿನ ಸದ್ದಾದರೂ ಕೇಳುತ್ತದೆ. ರಸ್ತೆಯ ಎಡ ಅಂಚಿನ ಬಿಳಿ ಗೆರೆ ಹಿಡಿದು ಹೋಗಿ. ಗೆರೆಯೂ ಕಾಣದಿದ್ದರೆ ರಸ್ತೆಯಿಂದ ಪೂರ್ತಿ ಹೊರಗೆ ಜಾಗ ಸಿಕ್ಕ ಕಡೆ ನಿಲ್ಲಿಸಿ, ಚಹಾ ಕುಡಿಯಿರಿ.

ಪ್ರಶ್ನೆ: ಹಳದಿ ಬಲ್ಬ್ ಮಂಜನ್ನು ಸೀಳಿಕೊಂಡು ಹೋಗುತ್ತದೆ ಅಂತಾರೆ, ನಿಜವೇ?

ಸೀಳುವುದಿಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬಾ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚೂಕಡಿಮೆ ಒಂದೇ ಥರ ಚೆದುರಿಸುತ್ತದೆ. ಹಳದಿ ಕೆಲವರ ಕಣ್ಣಿಗೆ ಹಿತ, ಅಷ್ಟೇ. ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು, ಆಮೇಲೆ ಅವರೇ ಬಿಟ್ಟರು.

ಪ್ರಶ್ನೆ: ನೀಲಿ ಛಾಯೆಯ ಬಲ್ಬ್ ಜಾಸ್ತಿ ಬೆಳಕು ಕೊಡುತ್ತದೆಯೇ?

ನೀಲಿ ಬಣ್ಣ ಬಳಿದಿರುವುದು ಬೆಳಕನ್ನು ಸೋಸುವುದಕ್ಕೆ. ಸೋಸಿದರೆ ಜಾಸ್ತಿ ಆಗುತ್ತದಾ?

ಪ್ರಶ್ನೆ: ಎಚ್‌ಐಡಿ ಕಿಟ್ (ತಂತಿಯ ಬದಲು ಅನಿಲದಲ್ಲಿ ಕಿಡಿ ಹಾಯಿಸಿ ಉರಿಯುವ ಬಲ್ಬಿನದು) ಅಗ್ಗಕ್ಕೆ ಸಿಗುತ್ತಿದೆ. ಹಾಕಿಸಲೇ?

ಹೊತ್ತಿಕೊಳ್ಳಲು ಸುಮಾರು 20,000 ವೋಲ್ಟ್ ಬೇಡುವ ಸಾಮಾನನ್ನು ಟೇಪ್ ಸುತ್ತಿ ಬಾನೆಟ್ ಕೆಳಗೆ ಕಟ್ಟುವವರ ಕೈಗೆ ನಾನಾದರೆ ಕಾರು ಕೊಡುವುದಿಲ್ಲ.

ಪ್ರಶ್ನೆ: ಟೂತ್‌ಪೇಸ್ಟ್ ಹಚ್ಚಿದರೆ ಹೆಡ್‌ಲೈಟ್ ಹೊಳೆಯುತ್ತದಂತೆ?

ಒಂದೆರಡು ವಾರ ಹೊಳೆಯುತ್ತದೆ. ಹಲ್ಲುಜ್ಜಿಕೊಳ್ಳಿ.

ಪ್ರಶ್ನೆ: ರಾತ್ರಿ ಓಡಿಸಲು ಹಳದಿ ಕನ್ನಡಕ ಕೊಳ್ಳಬಹುದೇ?

ಕತ್ತಲಲ್ಲಿ ಕಣ್ಣಿಗೆ ಬರುವ ಬೆಳಕನ್ನು ಇನ್ನಷ್ಟು ಕಡಿಮೆ ಮಾಡಿಕೊಳ್ಳಲು ದುಡ್ಡು ಯಾಕೆ? ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅರ್ಧ ಜನರ "ಲೈಟ್ ಸಾಲದು" ತೊಂದರೆ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಮಂಜಿನಲ್ಲಿ ಹೋಗುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡರೆ ಸುರಕ್ಷಿತವಲ್ಲವೇ?

ನಿಂತಿದ್ದರೆ ಹಾಕಿ. ಓಡುತ್ತಾ ಹಾಕಿದರೆ ನೀವು ನಿಂತಿದ್ದೀರೋ, ತಿರುಗುತ್ತಿದ್ದೀರೋ ಹಿಂದಿನವನಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಲ್ಲ, ನಿಮ್ಮ ಕಾರಿನಲ್ಲಿ ಯಾವ ಬಲ್ಬ್ ಇದೆ?

60/55. ಜೊತೆಗೆ ಎರಡು ರಿಲೇ. ಹೋದ ತಿಂಗಳು ಎಡಗಡೆಯದು ಸುಟ್ಟಿತು, ಎರಡೂ ಕಡೆ ಹೊಸದು ಹಾಕಿದೆ.